ಮಲ್ಲೇಶ್ವರದ ಗಟ್ಟಿಂಗ್ ಅಂಗಡಿ ಮತ್ತು ನಮ್ಮ ಟೆನಿಸ್ ಸೀಸನ್

ಸಂಪಿಗೆ ರಸ್ತೆಯಿಂದ ಒಳಗೆ ತಿರುಗುವ ಒಂದು ಕ್ರಾಸ್‌ನಲ್ಲಿ ಟೆನಿಸ್ ರಾಕೆಟ್‌ಗೆ ಗಟ್, ಅಂದರೆ ಬಾಲ್ ಹೊಡೆಯುವ ಬಲೆಯ ಎಳೆಗಳನ್ನು, ಹಾಕಿಕೊಡುವ ಈ ಪುಟ್ಟ ಅಂಗಡಿ ಇದೆ. ಬೋರ್ಡ್ ಇಲ್ಲ. ಬಾಗಿಲ ಮೇಲೆ ಗಟ್ ಇಲ್ಲದ ಹಳೇ ಮರದ ರಾಕೆಟ್ ನೇತುಹಾಕಿದ್ದಾರೆ, ಅದೇ ಗುರುತು. ನಮ್ಮ ಯೂನಿವರ್ಸಿಟಿ ಟೆನಿಸ್ ಕ್ಲಬ್ಬಿನ ಹುಡುಗಿಯರ ಟೀಮಿಗೆ ಈ ವರ್ಷ ನಾನು ಕ್ಯಾಪ್ಟನ್. ಸೀಸನ್ ಪೂರ್ತಿ ಎಲ್ಲರ ರಾಕೆಟ್ ಗಟ್ಟಿಂಗ್ ಆಗಿದ್ದು ಇಲ್ಲೇ.

ಬೇರೆ ಕಡೆ ಮೊದಲ ಪ್ರಶ್ನೆ "ಎಷ್ಟು ಪೌಂಡ್?" ಅಂದರೆ ಗಟ್‌ನ ಬಿಗಿ (ಟೆನ್ಷನ್) ಎಷ್ಟಿರಬೇಕು ಅಂತ. ಇಲ್ಲಿ ಅಂಗಡಿಯ ಅಂಕಲ್ ಕೇಳುವುದು "ಮ್ಯಾಚ್ ಎಲ್ಲಮ್ಮಾ?" ಅಂತ. ಅದಕ್ಕೆ ಕಾರಣ ಇದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳು, ಬಾಲ್ ಜಾಸ್ತಿ ಹಾರುತ್ತದೆ. ಎತ್ತರದ ಊರುಗಳಿಗೆ ಅಂತಲೇ ಮಾಡಿದ ಬಾಲ್ ಬಳಸುವುದು 1,219 ಮೀಟರ್ ದಾಟಿದ ಮೇಲೆ. ಹಾಗಾಗಿ ನಮಗೂ ಚೆನ್ನೈನವರಿಗೂ ಒಂದೇ ಬಾಲ್. ವ್ಯತ್ಯಾಸವನ್ನು ಗಟ್‌ನಲ್ಲೇ ಸರಿಮಾಡಿಕೊಳ್ಳಬೇಕು: ಗಟ್ ಸ್ವಲ್ಪ ಸಡಿಲವಿದ್ದರೆ ಬಾಲ್ ದೂರ ಹೋಗುತ್ತದೆ. ಚೆನ್ನೈಗೆ ಆಡಲು ಹೋಗುವ ಮುಂಚೆ ಅಂಕಲ್ ನಮ್ಮೆಲ್ಲರ ಟೆನ್ಷನ್ ಎರಡು ಪೌಂಡ್ ಇಳಿಸಿದರು. ಅಲ್ಲಿ ಯಾರಿಗೂ ಬಾಲ್ ಭಾರ ಅನಿಸಲಿಲ್ಲ.

ನನಗೆ ತುಂಬ ಹಿಡಿಸಿದ್ದು ಅವರು ದುಬಾರಿ ಗಟ್ ಬೇಡ ಅನ್ನುವ ರೀತಿ. ಕಬ್ಬನ್ ಪಾರ್ಕಿನ ಕೆಎಸ್‌ಎಲ್‌ಟಿಎ (ರಾಜ್ಯ ಟೆನಿಸ್ ಸಂಸ್ಥೆ) ಕೋರ್ಟಿಗೆ ಹೋಗಿ ಬೆಂಗಳೂರು ಓಪನ್ ಟೂರ್ನಿ ನೋಡಿ ಬಂದ ಮೇಲೆ ನಮ್ಮ ಹುಡುಗಿಯರಿಗೆಲ್ಲ ಪಾಲಿಯೆಸ್ಟರ್ ಗಟ್ಟೇ ಬೇಕಾಗಿತ್ತು. ಅದರಲ್ಲೂ ನಡಾಲ್ ಬಳಸುತ್ತಿದ್ದ ಬಾಬೊಲಾಟ್ ಆರ್‌ಪಿಎಂ ಬ್ಲಾಸ್ಟ್. ಎಂಟು ಮೂಲೆಯ ಕಪ್ಪು ಗಟ್ ಅದು, ಬಾಲನ್ನು ಕಚ್ಚಿ ತಿರುಗಿಸುತ್ತದೆ. ಒಳ್ಳೆಯ ಗಟ್ಟೇ. ಆದರೆ ಪಾಲಿಯೆಸ್ಟರ್ ಗಡುಸು, ಟೆನ್ಷನ್ನೂ ಬೇಗ ಕಳೆದುಕೊಳ್ಳುತ್ತದೆ. ದೊಡ್ಡ ಆಟಗಾರರು ಮ್ಯಾಚ್‌ಗೊಮ್ಮೆ ಕತ್ತರಿಸಿ ಹೊಸದು ಹಾಕಿಸುತ್ತಾರೆ. ನಾವು ಕಟ್ ಆಗುವ ತನಕ ತಿಂಗಳುಗಟ್ಟಲೆ ಎಳೆಯುತ್ತೇವೆ, ಅಲ್ವಾ? ಆ ಹೊತ್ತಿಗೆ ಅದರಲ್ಲಿ ಜೀವ ಇರುವುದಿಲ್ಲ. ಏಟೆಲ್ಲ ಮೊಣಕೈಗೆ ಬರುತ್ತದೆ.

ನನ್ನ ಡಬಲ್ಸ್ ಜೊತೆಗಾತಿಗೆ ಆಗಿದ್ದೂ ಅದೇ. ಇನ್ನೊಂದು ಅಂಗಡಿಯವರು ಏನೂ ಕೇಳದೆ ಪೂರ್ತಿ ಪಾಲಿಯೆಸ್ಟರ್ ಹಾಕಿ 58 ಪೌಂಡ್‌ಗೆ ಬಿಗಿದಿದ್ದರು. ನೀರಿನ ಬಾಟಲಿ ಮುಚ್ಚಳ ತಿರುಗಿಸಲೂ ಅವಳಿಗೆ ಕೈ ನೋಯುತ್ತಿತ್ತು. ಅಂಕಲ್ ಉದ್ದದ ಎಳೆಗಳಿಗೆ ಮಾತ್ರ ಪಾಲಿಯೆಸ್ಟರ್ ಇಟ್ಟು, ಅಡ್ಡಕ್ಕೆ ಮೆತ್ತಗಿನ ಸಿಂಥೆಟಿಕ್ (ನೈಲಾನ್) ಗಟ್ ಹಾಕಿ, 52ಕ್ಕೆ ಇಳಿಸಿದರು. ಖರ್ಚೂ ಕಡಿಮೆಯಾಯಿತು. ಜೊತೆಗೆ "ಡಾಕ್ಟರ್ ಹತ್ರಾನೂ ತೋರಿಸ್ಕೋ ಮಗಳೇ, ಗಟ್ ಒಂದ್ರಿಂದ ಎಲ್ಲ ಸರಿ ಹೋಗಲ್ಲ" ಅಂದರು. ಇಷ್ಟು ಪ್ರಾಮಾಣಿಕವಾಗಿ ಹೇಳುವ ಅಂಗಡಿಯವರು ಎಷ್ಟು ಜನ ಸಿಗುತ್ತಾರೆ?

ಪ್ರತಿಯೊಬ್ಬರಿಗೂ ನೋಟ್‌ಬುಕ್ಕಿನಲ್ಲಿ ಒಂದು ಪುಟ ಇದೆ. ತಾರೀಕು, ಗಟ್, ಪೌಂಡ್, ಕಟ್ ಆದ ಜಾಗ, ಎಲ್ಲ ಬರೆದಿಡುತ್ತಾರೆ. ನಮ್ಮ ಹಳೇ ಎದುರಾಳಿ ಯೂನಿವರ್ಸಿಟಿಯ ನಂಬರ್ ಒನ್ ಆಟಗಾರ್ತಿಯೂ ಇಲ್ಲೇ ಗಟ್ ಹಾಕಿಸುತ್ತಾಳೆ. ಅವಳದ್ದು ಎಷ್ಟು ಪೌಂಡ್ ಅಂತ ಕೇಳಿದೆ. "ಅದು ಆ ಹುಡುಗಿ ಪುಟ. ನೀನು ನಿನ್ನ ಪುಟ ನೋಡು" ಅಂದುಬಿಟ್ಟರು. ಅವತ್ತಿನಿಂದ ನನಗೆ ಅವರ ಮೇಲೆ ಗೌರವ ಇನ್ನೂ ಜಾಸ್ತಿಯಾಯಿತು.

ಆ ಟೀಮಿನ ಜೊತೆ ನಮ್ಮ ಟೈ (ಟೀಮ್ ಪಂದ್ಯ) ಅಂದರೆ ಕ್ಯಾಂಪಸ್‌ನಲ್ಲಿ ಹಬ್ಬ. ಎರಡು ಸಿಂಗಲ್ಸ್, ಒಂದು ಡಬಲ್ಸ್. ಹೋದ ವರ್ಷ ಅವರ ಕೋರ್ಟಿನಲ್ಲಿ ಸೋತಿದ್ದೆವು. ಈ ಸಲ ನಮ್ಮಲ್ಲಿ ಆಟ, ಸಿಂಗಲ್ಸ್ ಮುಗಿದಾಗ 1-1. ಡಬಲ್ಸ್ ಮೂರನೇ ಸೆಟ್‌ಗೆ ಹೋಯಿತು. 4-4ರಲ್ಲಿ ನನ್ನ ಸರ್ವ್, ಮೊದಲ ಪಾಯಿಂಟ್‌ನಲ್ಲೇ ಗಟ್ ಕಟ್. ಎರಡನೇ ರಾಕೆಟ್ ತೆಗೆದುಕೊಂಡೆ. ಅಂಕಲ್ ಎರಡನ್ನೂ ಒಂದೇ ದಿನ, ಒಂದೇ ಗಟ್, ಒಂದೇ ಟೆನ್ಷನ್‌ನಲ್ಲಿ ಮಾಡಿಕೊಟ್ಟಿದ್ದರು. ಕೈಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ಆ ಗೇಮ್ ಉಳಿಸಿಕೊಂಡೆವು. ಮುಂದಿನ ಗೇಮ್‌ನಲ್ಲಿ ನನ್ನ ಜೊತೆಗಾತಿ ನೆಟ್ ಹತ್ತಿರ ಹೊಡೆದ ಎರಡು ವಾಲಿಗಳನ್ನು ನಾನು ಯಾವತ್ತೂ ಮರೆಯುವುದಿಲ್ಲ. 6-4. ಮೊಣಕೈ ನೋವಿದ್ದ ಹುಡುಗಿ ಅವಳು!

ಕೊರತೆಗಳೂ ಇವೆ. ಒಬ್ಬರೇ ಕೆಲಸ ಮಾಡುವುದರಿಂದ ಸೀಸನ್‌ನಲ್ಲಿ ಎರಡು ದಿನ ಕಾಯಬೇಕು. ಗ್ರಿಪ್‌ಗಳಲ್ಲಿ ಆಯ್ಕೆ ಕಡಿಮೆ. ಮೆಷಿನ್ ಕೈಯಲ್ಲಿ ತಿರುಗಿಸುವ ಹಳೇ ಮಾದರಿ. ಎಲೆಕ್ಟ್ರಾನಿಕ್ ಮೆಷಿನ್‌ನಲ್ಲಿ ಹಾಕಿಸಿ ಅಭ್ಯಾಸ ಇದ್ದವರಿಗೆ ಇಲ್ಲಿ ಅದೇ ಪೌಂಡ್ ಸ್ವಲ್ಪ ಸಡಿಲ ಅನಿಸಬಹುದು. ಮೊದಲೇ ಹೇಳಿದರೆ ಲೆಕ್ಕ ಹಾಕಿ ಬಿಗಿಯುತ್ತಾರೆ. ಕೂಲಿ 250 ರೂಪಾಯಿ, ಗಟ್‌ಗೆ ಬೇರೆ. ನಿಮ್ಮದೇ ಗಟ್ ತಂದರೂ ಮುಖ ಸಿಂಡರಿಸುವುದಿಲ್ಲ.

ಹೋಗುವಾಗ ಹಳೇ ರಾಕೆಟ್‌ನಲ್ಲಿ ಎಷ್ಟು ಪೌಂಡ್ ಇತ್ತು ಅಂತ ತಿಳಿದುಕೊಂಡು ಹೋಗಿ. ಬಿಸಿಲಲ್ಲಿ ಸ್ಕೂಟರ್ ಡಿಕ್ಕಿಯೊಳಗೆ ರಾಕೆಟ್ ಬಿಡಬೇಡಿ, ಗಟ್ ಸಡಿಲವಾಗುತ್ತದೆ. ಗಟ್ ಕಟ್ ಆಗಿದ್ದರೆ ಉಳಿದ ಎಳೆಗಳನ್ನೂ ನಡುವಿನಿಂದ ಶುರುಮಾಡಿ ಆಗಲೇ ಕತ್ತರಿಸಿಬಿಡಿ. ಅರ್ಧ ಬಿಗಿ, ಅರ್ಧ ಸಡಿಲ ಇದ್ದರೆ ಫ್ರೇಮ್ ಸೊಟ್ಟಗಾಗುತ್ತದೆ. ಟೀಮಿನ ರಾಕೆಟ್‌ಗಳಾದರೆ ಮ್ಯಾಚ್‌ಗೆ ಒಂದು ವಾರ ಮುಂಚೆ ಕೊಡಿ, ಆಗ ಅಂಕಲ್‌ಗೂ ಒತ್ತಡ ಇರುವುದಿಲ್ಲ.