ಕೋಲಾರದ ಟೊಮೆಟೊ ಮಂಡಿಯಲ್ಲಿ ಉಬುಂಟು ಸರ್ವರ್ ಮತ್ತು ಪೋಸ್ಟ್‌ಗ್ರೆಸ್: ಮೂರು ಹಂಗಾಮಿನ ಬಳಕೆಯ ವಿಮರ್ಶೆ

ಕೋಲಾರದ ಎಪಿಎಂಸಿ ಯಾರ್ಡಿನ ಒಂದು ಟೊಮೆಟೊ ಮಂಡಿಯ ಲೆಕ್ಕಪತ್ರದ ಗಣಕವನ್ನು ನಾನು 2023ರಿಂದ ನೋಡಿಕೊಳ್ಳುತ್ತಿದ್ದೇನೆ. ಯಾವ ರೈತರು ಎಷ್ಟು ಬಾಕ್ಸ್ ತಂದರು, ಹರಾಜಿನಲ್ಲಿ ಏನು ದರ ಬಿತ್ತು, ಯಾವ ವ್ಯಾಪಾರಿ ಎತ್ತಿದರು, ಹಮಾಲಿ ಎಷ್ಟು, ಯಾರಿಗೆ ಎಷ್ಟು ಹಣ ಬಾಕಿ ಎಂಬುದೆಲ್ಲ ಒಂದೇ ಡೇಟಾಬೇಸಿನಲ್ಲಿ ಕೂತಿದೆ. ಅದನ್ನು ನಡೆಸುತ್ತಿರುವುದು ಉಬುಂಟು ಸರ್ವರ್ ಎಂಬ ಆಪರೇಟಿಂಗ್ ಸಿಸ್ಟಂ ಮೇಲಿನ ಡೇಟಾಬೇಸ್ ತಂತ್ರಾಂಶ ಪೋಸ್ಟ್‌ಗ್ರೆಸ್‌ಕ್ಯುಎಲ್. ಎರಡಕ್ಕೂ ಪರವಾನಗಿ ಶುಲ್ಕವಿಲ್ಲ ಎಂಬ ಕಾರಣಕ್ಕೆ ಆರಿಸಿಕೊಂಡದ್ದು ನಿಜ. ಆದರೆ ಇಂದಿಗೂ ಉಳಿಸಿಕೊಂಡಿರುವುದು ಬೇರೆ ಕಾರಣಕ್ಕೆ.

ಉಬುಂಟು 2004ರಲ್ಲಿ ಡೆಬಿಯನ್ ಎಂಬ ಇನ್ನೊಂದು ಉಚಿತ ಆಪರೇಟಿಂಗ್ ಸಿಸ್ಟಂನ ಆಧಾರದ ಮೇಲೆ ಹುಟ್ಟಿ, ಮೊದಲಿಗೆ ಜನಸಾಮಾನ್ಯರ ಡೆಸ್ಕ್‌ಟಾಪ್ ಎಂದೇ ಹೆಸರಾಯಿತು. ಸರ್ವರ್ ಆವೃತ್ತಿಯು ಅದೇ ಮನೆಯ ಕೂಸು. ಪ್ಯಾಕೇಜುಗಳ ಭಂಡಾರ ಎರಡಕ್ಕೂ ಒಂದೇ, 12.04ರಿಂದೀಚೆಗೆ (ಆವೃತ್ತಿಯ ಸಂಖ್ಯೆಯೇ ಬಿಡುಗಡೆಯ ವರ್ಷ ಮತ್ತು ತಿಂಗಳು) ವ್ಯವಸ್ಥೆಯ ತಿರುಳಾದ ಸಾಮಾನ್ಯ ಕರ್ನಲ್ ಕೂಡ ಒಂದೇ. ಈ ಸಂಬಂಧದ ಒಳಿತು ಕೆಡುಕು ಎರಡನ್ನೂ ನಾನು ಕಂಡಿದ್ದೇನೆ. ಮಂಡಿಗೆ ಗಣಕ ಜೋಡಿಸಿಕೊಟ್ಟ ಅಂಗಡಿಯವರು ಮೊದಲು ಡೆಸ್ಕ್‌ಟಾಪ್ ಆವೃತ್ತಿಯನ್ನೇ ಹಾಕಿ, ಯಾರೂ ಮುಟ್ಟದಿದ್ದರೆ ಯಂತ್ರ ನಿದ್ರೆಗೆ ಜಾರುವ ಸೆಟ್ಟಿಂಗನ್ನು ಹಾಗೇ ಬಿಟ್ಟಿದ್ದರು. ಹರಾಜಿನ ಕಟ್ಟೆಯ ಬಳಿಯ ಎರಡು ಗಣಕಗಳಿಗೆ ಇದ್ದಕ್ಕಿದ್ದಂತೆ ಸಂಪರ್ಕ ತಪ್ಪುತ್ತಿದ್ದುದು ಅದರಿಂದಲೇ ಎಂದು ತಿಳಿಯಲು ಎರಡು ದಿನ ಹಿಡಿಯಿತು. ಬಳಿಕ ಸರ್ವರ್ ಆವೃತ್ತಿ 22.04 ಅನ್ನು ಹೊಸದಾಗಿ ಹಾಕಿದೆ. ಅದರಲ್ಲಿ ಕಿಟಕಿ, ಐಕಾನು ಯಾವುದೂ ಇಲ್ಲ, ಕಪ್ಪು ಪರದೆಯೊಂದೇ. ಡೇಟಾಬೇಸಿಗೆ ಅದಕ್ಕಿಂತ ಹೆಚ್ಚಿನದು ಬೇಕಾಗಿಯೂ ಇಲ್ಲ.

ಪೋಸ್ಟ್‌ಗ್ರೆಸ್ ಹಾಕುವುದು ಒಂದೇ ಸಾಲಿನ ಆಜ್ಞೆ. ಡೆಬಿಯನ್ ಪದ್ಧತಿಯಂತೆ ಕಾನ್ಫಿಗರೇಶನ್ ಕಡತಗಳು ಒಂದು ಕಡೆ, ದತ್ತಾಂಶ ಇನ್ನೊಂದು ಕಡೆ, ಎರಡೂ ಆವೃತ್ತಿ ಸಂಖ್ಯೆಯ ಫೋಲ್ಡರಿನೊಳಗೆ ಕೂರುತ್ತವೆ. ಬೇರೆ ಕಡೆ ಕಲಿತು ಬಂದವರಿಗೆ ಮೊದಲು ಇದು ಗೋಜಲೆನಿಸಬಹುದು. ಪಾಸ್‌ವರ್ಡ್ ಇಲ್ಲದ ಪೀರ್ ಪದ್ಧತಿಯೂ ಹಾಗೆಯೇ: ಆಪರೇಟಿಂಗ್ ಸಿಸ್ಟಂನಲ್ಲಿ ನೀವು ಯಾವ ಬಳಕೆದಾರರೋ ಡೇಟಾಬೇಸಿನೊಳಗೂ ಅದೇ ಹೆಸರಿನಲ್ಲಿ ಮಾತ್ರ ಪ್ರವೇಶ. ಹೊರಗಿನ ಗಣಕಗಳಿಗೆ ಬಾಗಿಲು ಪೂರ್ತಿ ಮುಚ್ಚಿರುತ್ತದೆ, ನಾವೇ ಎರಡು ಕಡತ ತಿದ್ದಿ ತೆರೆಯಬೇಕು. ಹಣದ ಲೆಕ್ಕ ಇಡುವ ಯಂತ್ರ ಹೀಗೆ ಬಾಗಿಲು ಹಾಕಿಕೊಂಡೇ ಬರುವುದು ನನಗೆ ಮೆಚ್ಚುಗೆಯಾಯಿತು.

ನಾನು ನಿಜವಾಗಿ ಪಾಠ ಕಲಿತದ್ದು ಗಡಿಯಾರದಿಂದ. ಉಬುಂಟು ಸರ್ವರಿನ ಇನ್‌ಸ್ಟಾಲರ್ ಸಮಯ ವಲಯವನ್ನು ಕೇಳದೆ ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯ, ಎಂದು ಇಟ್ಟುಬಿಡುತ್ತದೆ, ಅದು ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ. ನಾನು ಅದನ್ನು ಗಮನಿಸಿರಲಿಲ್ಲ. ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಗಾಡಿಗಳು ಬೆಳಕು ಹರಿಯುವ ಮುಂಚೆಯೇ ಯಾರ್ಡಿಗೆ ಬರುತ್ತವೆ, ಗುಮಾಸ್ತರು ನಾಲ್ಕೂವರೆಗೆಲ್ಲ ಆವಕ ಬರೆಯಲು ಕೂತಿರುತ್ತಾರೆ. ಮೊದಲ ವಾರದಲ್ಲೇ ಅವರು, "ಸಾರ್, ಬೆಳಗಿನ ಜಾವದ ಚೀಟಿಗೆಲ್ಲ ನಿನ್ನೆ ತಾರೀಕೇ ಬೀಳ್ತಾ ಇದೆ, ಐದೂವರೆ ಆದ್ಮೇಲೆ ಸರಿಹೋಗುತ್ತೆ" ಎಂದು ಚೀಟಿಗಳನ್ನು ತಂದು ಮೇಜಿನ ಮೇಲೆ ಹರಡಿದರು. ಅವರ ಮಾತಿನಲ್ಲಿಯೇ ಉತ್ತರವಿತ್ತು. ಸಿಸ್ಟಂನ ವಲಯವನ್ನು ಏಷ್ಯಾ–ಕೋಲ್ಕತಾ ಎಂದು ಬದಲಿಸಿದ ಮೇಲೂ ತಾರೀಕು ಸರಿಹೋಗಲಿಲ್ಲ, ಏಕೆಂದರೆ ಪೋಸ್ಟ್‌ಗ್ರೆಸ್ ತನ್ನ ಸ್ಥಾಪನೆಯ ಗಳಿಗೆಯಲ್ಲಿ ಇದ್ದ ವಲಯವನ್ನು ತನ್ನದೇ ಕಡತದಲ್ಲಿ ಬರೆದಿಟ್ಟುಕೊಂಡಿರುತ್ತದೆ. ಅಲ್ಲಿಯೂ ತಿದ್ದಿ ರಿಲೋಡ್ ಮಾಡಿದ ಮೇಲಷ್ಟೇ ಸರಿಯಾಯಿತು. ಪ್ರತಿ ದಾಖಲೆಯ ಜೊತೆ ನಮೂದಾದ ಸಮಯವನ್ನು ವಲಯಸಹಿತವಾದ ಟೈಮ್‌ಸ್ಟ್ಯಾಂಪ್ ಆಗಿ ಇಟ್ಟಿದ್ದರಿಂದ ತಪ್ಪು ತಾರೀಕುಗಳನ್ನೆಲ್ಲ ಒಂದೇ ಆಜ್ಞೆಯಲ್ಲಿ ತಿದ್ದಲು ಸಾಧ್ಯವಾಯಿತು. ಬರೀ ತಾರೀಕನ್ನಷ್ಟೇ ಇಟ್ಟಿದ್ದರೆ ಒಂದೊಂದು ಚೀಟಿಯನ್ನೂ ಕೈಯಲ್ಲಿ ಹಿಡಿದು ಕೂರಬೇಕಿತ್ತು.

ಇದೇ ಗಡಿಯಾರಕ್ಕೆ ಅಂಟಿಕೊಂಡ ಇನ್ನೊಂದು ವಿಷಯವಿದೆ. ಭದ್ರತಾ ಪರಿಷ್ಕರಣೆಗಳು ಉಬುಂಟು ಸರ್ವರಿನಲ್ಲಿ ತಾವಾಗಿಯೇ ಅಳವಡುತ್ತವೆ, ಅದಕ್ಕೆ ನಿಗದಿಯಾದ ಹೊತ್ತು ಬೆಳಿಗ್ಗೆ ಆರರಿಂದ ಏಳರ ನಡುವೆ. ಪರಿಷ್ಕರಣೆ ಪೋಸ್ಟ್‌ಗ್ರೆಸಿನದ್ದೇ ಆಗಿದ್ದರೆ ಸೇವೆ ಒಮ್ಮೆ ನಿಂತು ಮತ್ತೆ ಶುರುವಾಗುತ್ತದೆ. ಯುಟಿಸಿಯಲ್ಲಿ ಆರು ಗಂಟೆಯೆಂದರೆ ನಮಗೆ ಹನ್ನೊಂದೂವರೆ, ನಮ್ಮ ಮಂಡಿಯಲ್ಲಿ ಹರಾಜು ಕಾವೇರಿರುವ ಹೊತ್ತು. ವಲಯ ಸರಿಪಡಿಸಿದರೆ ಆವಕ ಬರೆಯುವ ಹೊತ್ತಿಗೆ ಬರುತ್ತದೆ. ಆದ್ದರಿಂದ ಟೈಮರನ್ನು ರಾತ್ರಿ ಹತ್ತು ಗಂಟೆಗೆ ಸರಿಸಿದ್ದೇನೆ. ಈ ಸೌಲಭ್ಯವನ್ನು ನಿಲ್ಲಿಸಿಬಿಡಿ ಎಂದು ಮಾತ್ರ ಯಾರಿಗೂ ಹೇಳಲಾರೆ. ಪರಿಷ್ಕರಣೆ ಇಲ್ಲದೆ ವರ್ಷಗಟ್ಟಲೆ ಓಡುವ ಯಂತ್ರಗಳನ್ನು ಸಣ್ಣ ಕಚೇರಿಗಳಲ್ಲಿ ಸಾಕಷ್ಟು ನೋಡಿದ್ದೇನೆ.

ಕನ್ನಡದಲ್ಲಿ ದತ್ತಾಂಶ ಇಡುವವರು ಗಮನಿಸಬೇಕಾದ ಸಂಗತಿಯೊಂದನ್ನು ತುಸು ವಿವರವಾಗಿ ಹೇಳಬೇಕು. ಡೇಟಾಬೇಸ್ ರಚಿಸುವಾಗ ವೇಗದ ದೃಷ್ಟಿಯಿಂದ ನಾನು ಸಿ ಎಂಬ ಕೊಲೇಶನ್, ಅಂದರೆ ಅಕ್ಷರಕ್ರಮದ ನಿಯಮ, ಆರಿಸಿದ್ದೆ. ಅದು ಅಕ್ಷರಗಳನ್ನು ಯೂನಿಕೋಡ್ ಸಂಕೇತದ, ಅಂದರೆ ಗಣಕದಲ್ಲಿ ಪ್ರತಿ ಅಕ್ಷರಕ್ಕೂ ಕೊಟ್ಟಿರುವ ಸಂಖ್ಯೆಯ, ಕ್ರಮದಲ್ಲಿ ಜೋಡಿಸುತ್ತದೆ. ನಮ್ಮ ವರ್ಣಮಾಲೆಯಲ್ಲಿ ಳಕಾರ ಕಟ್ಟಕಡೆಗೆ, ಹಕಾರದ ನಂತರ ಬರುತ್ತದೆ. ಯೂನಿಕೋಡಿನಲ್ಲಿ ಅದು ಲಕಾರದ ಪಕ್ಕ, ವಕಾರಕ್ಕಿಂತ ಮುಂಚೆ ಕೂತಿದೆ. ಹೀಗಾಗಿ ರೈತರ ಪಟ್ಟಿಯಲ್ಲಿ ಕಾವೇರಮ್ಮನವರಿಗಿಂತ ಮೊದಲು ಕಾಳಮ್ಮನವರು ಬಂದರು. ಮೂವತ್ತು ವರ್ಷ ಲೆಡ್ಜರ್ ತಿರುವಿದ ಗುಮಾಸ್ತರ ಬೆರಳು ಹೆಸರು ಇರಬೇಕಾದ ಜಾಗಕ್ಕೇ ಹೋಗುತ್ತದೆ, ಅಲ್ಲಿ ಇಲ್ಲದಿದ್ದರೆ ಅವರು ಅದೇ ರೈತರಿಗೆ ಹೊಸ ಖಾತೆ ತೆರೆಯುತ್ತಾರೆ. ಹಾಗೆ ಹುಟ್ಟಿದ ಜೋಡಿ ಖಾತೆಗಳನ್ನು ಕೂಡಿಸಲು ನನಗೆ ಒಂದು ಭಾನುವಾರ ಪೂರ್ತಿ ಬೇಕಾಯಿತು. ಪೋಸ್ಟ್‌ಗ್ರೆಸಿನಲ್ಲಿ ಒಂದೊಂದು ಕಾಲಮ್ಮಿಗೂ ಬೇರೆ ಕೊಲೇಶನ್ ಕೊಡಬಹುದು. ಹೆಸರಿನ ಕಾಲಮ್ಮಿಗೆ ಐಸಿಯು ಎಂಬ, ನಾನಾ ಭಾಷೆಗಳ ನಿಯಮಗಳಿರುವ ತಂತ್ರಾಂಶ ಗ್ರಂಥಾಲಯದ ಕನ್ನಡ ಕೊಲೇಶನ್ ಕೊಟ್ಟ ಮೇಲೆ ಪಟ್ಟಿ ಲೆಡ್ಜರಿನ ಕ್ರಮಕ್ಕೆ ಬಂತು.

ಉದ್ದದ ವಿಷಯವೂ ಹಾಗೆಯೇ. "ಶ್ರೀನಿವಾಸಪುರ" ನಮ್ಮ ಕಣ್ಣಿಗೆ ಆರು ಅಕ್ಷರ, ಡೇಟಾಬೇಸಿನ ಲೆಕ್ಕದಲ್ಲಿ 12 (ಒತ್ತು, ಗುಣಿತದ ಚಿಹ್ನೆಗಳೂ ಬೇರೆಯಾಗಿ ಎಣಿಕೆಯಾಗುತ್ತವೆ), ಡಿಸ್ಕಿನಲ್ಲಿ 36 ಬೈಟು. ಇಂತಿಷ್ಟೇ ಅಕ್ಷರವೆಂದು ಮಿತಿ ಹಾಕಿದ ಕಾಲಮ್ಮು ಉದ್ದದ ಹೆಸರನ್ನು ತಿರಸ್ಕರಿಸುತ್ತದೆ; ಮಿತಿಯಿಲ್ಲದ ಟೆಕ್ಸ್ಟ್ ಬಗೆಯೇ ಲೇಸು, ಅದರಿಂದ ವೇಗವೇನೂ ಕುಂದುವುದಿಲ್ಲ.

ಮೆಮೊರಿಯ ಪೂರ್ವನಿಗದಿ ತೀರಾ ಮಿತವ್ಯಯದ್ದು. ಮತ್ತೆ ಮತ್ತೆ ಬೇಕಾಗುವ ದತ್ತಾಂಶವನ್ನು ಮೆಮೊರಿಯಲ್ಲೇ ಇಡುವ ಹಂಚಿಕೆಯ ಬಫರಿಗೆ ಬರುವುದು 128 ಎಂಬಿ. ನಮ್ಮ ಯಂತ್ರದಲ್ಲಿ 16 ಜಿಬಿ ಇರುವುದರಿಂದ ನಾಲ್ಕನೇ ಒಂದು ಭಾಗ, ಅಂದರೆ 4 ಜಿಬಿ ಕೊಟ್ಟಿದ್ದೇನೆ. 2023ರ ಜುಲೈನಲ್ಲಿ 15 ಕಿಲೋ ಬಾಕ್ಸಿನ ಬೆಲೆ ಎರಡು ಸಾವಿರ ರೂಪಾಯಿ ದಾಟಿದಾಗ ಹಿಂದಿನ ವಾರದ ದರ, ನಿನ್ನೆಯ ದರ ಎಂದು ಕೇಳುವವರ ಸಾಲೇ ನಿಂತಿತ್ತು, ಉತ್ತರ ತಡವಾಗಲಿಲ್ಲ. ಅದೇ ತಿಂಗಳು ಕರೆಂಟು ಹೋಗಿ, ಯುಪಿಎಸ್ ಬ್ಯಾಟರಿಯೂ ಕೈಕೊಟ್ಟು, ಯಂತ್ರ ನಡು ಹರಾಜಿನಲ್ಲಿ ಆರಿತು. ಕರೆಂಟು ಬಂದ ಮೇಲೆ ಪೋಸ್ಟ್‌ಗ್ರೆಸ್ ಪ್ರತಿ ಬದಲಾವಣೆಯನ್ನೂ ಮೊದಲೇ ಬರೆದಿಟ್ಟುಕೊಳ್ಳುವ ತನ್ನ ಮುಂಗಡ ದಾಖಲೆಯನ್ನು ಓದಿ ತಾನೇ ಎದ್ದಿತು. ಕೊನೆಯ ಚೀಟಿಯ ಪ್ರತಿಯೊಂದಿಗೆ ಹೋಲಿಸಿ ನೋಡಿದೆವು, ಒಂದು ಬಾಕ್ಸೂ ತಪ್ಪಿರಲಿಲ್ಲ. ನಾನು ಇದನ್ನು ಇನ್ನೊಬ್ಬರಿಗೆ ಧೈರ್ಯವಾಗಿ ಹೇಳುವುದು ಆ ದಿನದ ನೆನಪಿನಿಂದ.

ಅಂಜಬೇಕಾದದ್ದು ದೊಡ್ಡ ಆವೃತ್ತಿ ಬದಲಾವಣೆಯ ದಿನಕ್ಕೆ. 22.04ರ ಜೊತೆ ಪೋಸ್ಟ್‌ಗ್ರೆಸ್ 14 ಬರುತ್ತದೆ, 24.04ರ ಜೊತೆ 16. ಆಪರೇಟಿಂಗ್ ಸಿಸ್ಟಂ ಮೇಲೇರಿಸಿದಾಗ ಹಳೆಯ 14 ಹಾಗೇ ಓಡುತ್ತಿರುತ್ತದೆ, ಅದರ ಮಗ್ಗುಲಲ್ಲಿ ಖಾಲಿ 16 ಇನ್ನೊಂದು ಪೋರ್ಟಿನಲ್ಲಿ (ಸಂಪರ್ಕದ ಬಾಗಿಲಿನ ಸಂಖ್ಯೆ) ಹುಟ್ಟಿಕೊಳ್ಳುತ್ತದೆ. ಇದನ್ನು ತಿಳಿಯದವರು ಹೊಸದಕ್ಕೆ ಜೋಡಿಸಿ, ದತ್ತಾಂಶವೆಲ್ಲ ಅಳಿಸಿಹೋಯಿತೆಂದು ಗಾಬರಿಯಾಗುವ ಸಂಭವವಿದೆ. ಆ ಖಾಲಿಯದನ್ನು ತೆಗೆದು, ಡೆಬಿಯನ್‌ನವರೇ ಕೊಟ್ಟಿರುವ ಪಿಜಿ ಅಪ್‌ಗ್ರೇಡ್‌ಕ್ಲಸ್ಟರ್ ಆಜ್ಞೆಯನ್ನು 14ರ ಮೇಲೆ ನಡೆಸಬೇಕು. ಅದರ ರೂಢಿಯ ಕ್ರಮವೆಂದರೆ ದತ್ತಾಂಶವನ್ನೆಲ್ಲ ಹೊರತೆಗೆದು ಹೊಸದರಲ್ಲಿ ಮರಳಿ ತುಂಬುವುದು, ಆದ್ದರಿಂದ ಡಿಸ್ಕಿನಲ್ಲಿ ಎರಡರಷ್ಟು ಜಾಗ ಬೇಕು, ಹೊತ್ತೂ ಹಿಡಿಯುತ್ತದೆ. ಆದರೆ ಇಂಡೆಕ್ಸುಗಳೆಲ್ಲ (ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿಗಳು) ಹೊಸದಾಗಿ ಕಟ್ಟಲ್ಪಡುವುದು ನಮ್ಮಂಥವರಿಗೆ ದೊಡ್ಡ ಉಪಕಾರ. ಅಕ್ಷರಕ್ರಮದ ನಿಯಮಗಳು ಆಪರೇಟಿಂಗ್ ಸಿಸ್ಟಂನ ಗ್ರಂಥಾಲಯಗಳಲ್ಲಿ ಇರುತ್ತವೆ. ಅವು ಬದಲಾಗಿ ಹಳೆಯ ಇಂಡೆಕ್ಸು ಉಳಿದುಕೊಂಡರೆ ಇರುವ ಹೆಸರೇ ಸಿಗದಂತಾಗುತ್ತದೆ. 2018ರಲ್ಲಿ ಅಂಥದೇ ಒಂದು ಗ್ರಂಥಾಲಯವಾದ ಜಿಲಿಬ್‌ಸಿ 2.28 ಬಂದಾಗ ಹಲವು ದೇಶಗಳ ಪೋಸ್ಟ್‌ಗ್ರೆಸ್ ಬಳಕೆದಾರರು ಎದುರಿಸಿದ ತೊಡಕು ಇದೇ.

ಬ್ಯಾಕಪ್ಪು ಪ್ರತಿ ರಾತ್ರಿ ಡೇಟಾಬೇಸನ್ನು ಕಡತವಾಗಿ ಹೊರತೆಗೆಯುವ ಪಿಜಿ ಡಂಪ್ ಆಜ್ಞೆಯ ಮೂಲಕ ಆಗುತ್ತದೆ, ಅದರ ಒಂದು ಪ್ರತಿ ಯಜಮಾನರ ಮನೆಗೆ ಹೋಗುವ ಹಾರ್ಡ್‌ಡಿಸ್ಕಿಗೆ. ತಿಂಗಳಿಗೊಮ್ಮೆ ಆ ಪ್ರತಿಯನ್ನು ನನ್ನ ಲ್ಯಾಪ್‌ಟಾಪಿನಲ್ಲಿ ತುಂಬಿ, ಯಾವುದಾದರೂ ಒಂದು ದಿನದ ಒಟ್ಟು ಆವಕವನ್ನು ಮಂಡಿಯ ಪುಸ್ತಕದೊಂದಿಗೆ ತಾಳೆ ನೋಡುತ್ತೇನೆ.

24.04ಕ್ಕೆ 2029ರವರೆಗೆ ಸಾಮಾನ್ಯ ಬೆಂಬಲವಿದೆ, ಪೋಸ್ಟ್‌ಗ್ರೆಸ್ ತಂಡ 16ನ್ನು ನೋಡಿಕೊಳ್ಳುವುದು 2028ರ ನವೆಂಬರಿನವರೆಗೆ. ಮುಂದಿನ ಬದಲಾವಣೆಯನ್ನು ಆ ವರ್ಷದ ದೀಪಾವಳಿಯಲ್ಲಿ, ಮಂಡಿಗೆ ರಜೆಯಿರುವ ದಿನ ಮಾಡುವುದೆಂದು ಯಜಮಾನರೊಂದಿಗೆ ಈಗಲೇ ಮಾತಾಗಿದೆ.