ಹಡಗು ಹತ್ತುವ ಮುನ್ನ ಗಡ್ಡ: ಚಿಕ್ಕಮಗಳೂರಿನ ಒಂದು ಕ್ಷೌರದಂಗಡಿ

ಸರಕು ಹಡಗಿನ ಇಂಜಿನ್ ರೂಮಿನಲ್ಲಿ ಮೋಟರ್‌ಮನ್ ಆಗಿರುವ ನಾನು ರಜೆಗೆ ಚಿಕ್ಕಮಗಳೂರಿಗೆ ಬಂದಾಗಲೆಲ್ಲ ಮೊದಲು ನೋಡಿಕೊಳ್ಳುವುದು ಗಡ್ಡವನ್ನು. ಐ.ಜಿ. ರಸ್ತೆಯಿಂದ ಒಳಕ್ಕೆ ತಿರುಗುವ ಓಣಿಯೊಂದರಲ್ಲಿರುವ ಮೂರು ಕುರ್ಚಿಯ ಅಂಗಡಿಗೆ ಈ ರಜೆಯಲ್ಲಿ ನಾಲ್ಕು ಬಾರಿ ಹೋದೆ. ಅಲ್ಲಿಯೇ ತಯಾರಿಸಿ ಮಾರುವ ಗಡ್ಡದ ಮುಲಾಮಿನ ಒಂದು ಡಬ್ಬಿಯನ್ನು ಕಳೆದ ರಜೆಯಲ್ಲೇ ಕೊಂಡು, ಏಳು ತಿಂಗಳು ಹಡಗಿನಲ್ಲಿ ಜೊತೆಗಿಟ್ಟುಕೊಂಡಿದ್ದೆ. ಹೆಸರು ಹಾಕಬೇಡಿ ಎಂದು ಅಂಗಡಿಯವರು ಕೇಳಿಕೊಂಡದ್ದರಿಂದ ಅದನ್ನು ಬರೆದಿಲ್ಲ.

ಕಡಲಿನಲ್ಲಿ ಗಡ್ಡ ಹಾಳಾಗುವ ಬಗೆಯೇ ಬೇರೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಡೆಕ್ಕಿನ ಮೇಲೆ ಗಾಳಿಯೊಡನೆ ಬಂದ ತುಂತುರು ಒಣಗಿದಾಗ ಆ ಉಪ್ಪು ಕೂದಲಿನ ಬುಡದಲ್ಲಿ ಉಳಿದು, ಬೆವರಿಗೆ ಮತ್ತೆ ಕರಗಿ ಚರ್ಮವನ್ನು ಉರಿಸುತ್ತದೆ. ಇಂಜಿನ್ ರೂಮಿನ ಬಿಸಿ 45 ಡಿಗ್ರಿ ಮುಟ್ಟುವುದುಂಟು, ಪಾಳಿ ಮುಗಿಸಿ ಕ್ಯಾಬಿನ್ನಿಗೆ ಬಂದರೆ ಎ.ಸಿ.ಯ ಒಣ ಗಾಳಿ. ಸ್ನಾನಕ್ಕೆ ಸಿಗುವುದು ಕಡಲ ನೀರನ್ನೇ ಇಂಜಿನ್ನಿನ ಶಾಖದಿಂದ ನಿರ್ವಾತದಲ್ಲಿ ಕುದಿಸಿ, ಆವಿಯನ್ನು ತಣಿಸಿ ಪಡೆದ ನೀರು. ಅದರಲ್ಲಿ ಖನಿಜಾಂಶ ಇಲ್ಲವೆನ್ನುವಷ್ಟು ಕಡಿಮೆ ಇರುವುದರಿಂದ ಚೂರು ಸೋಪು ಕೂಡ ಹೇರಳವಾಗಿ ನೊರೆ ಕೊಡುತ್ತದೆ. ಅರಸೀಕೆರೆ ಕಡೆಯ ಕೊಳವೆಬಾವಿಯ ಗಡಸು ನೀರಿಗೆ ಹೊಂದಿಕೊಂಡ ಕೈ ಅಲ್ಲಿಯೂ ಅಷ್ಟೇ ಸೋಪು ಹಚ್ಚಿದರೆ, ಎರಡೇ ವಾರದಲ್ಲಿ ಗಡ್ಡ ತೆಂಗಿನ ನಾರಾಗುತ್ತದೆ.

ಇದೆಲ್ಲಕ್ಕಿಂತ ದೊಡ್ಡ ವಿಷಯ ಮಾಸ್ಕಿನದು. ಹಡಗಿನಲ್ಲಿ ಬೆಂಕಿ ಬಿದ್ದರೆ ಹೊಗೆಯೊಳಗೆ ಹೋಗುವವರು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಇಡೀ ಮುಖ ಮುಚ್ಚುವ ಮಾಸ್ಕ್ ಧರಿಸಬೇಕು. ನಾವು ಅದನ್ನು ಬಿ.ಎ. ಸೆಟ್ ಎನ್ನುತ್ತೇವೆ. ಅಂತರರಾಷ್ಟ್ರೀಯ ನಿಯಮದಂತೆ ಆ ಸಿಲಿಂಡರಿನಲ್ಲಿ ಕನಿಷ್ಠ 1,200 ಲೀಟರ್ ಗಾಳಿ ಇರಬೇಕು, ಮತ್ತು ಏದುಸಿರು ಬಿಡುತ್ತ ದುಡಿಯುವವನು ನಿಮಿಷಕ್ಕೆ 40 ಲೀಟರ್ ಎಳೆದರೆ ಅದು ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಮಾಸ್ಕಿನ ರಬ್ಬರ್ ಅಂಚು ಹಣೆ, ಕೆನ್ನೆಯ ಬದಿ, ದವಡೆ, ಗದ್ದದ ಕೆಳಭಾಗಗಳಲ್ಲಿ ಚರ್ಮಕ್ಕೆ ಒತ್ತಿ ಕೂರಬೇಕು. ಅಲ್ಲಿ ಕುರುಚಲು ಗಡ್ಡವಿದ್ದರೂ ಸಾಕು, ಗಾಳಿ ಸೋರುತ್ತದೆ. ಕಳೆದ ಬಾರಿ, ತಿಂಗಳಿಗೊಮ್ಮೆ ನಡೆಯುವ ಅಗ್ನಿ ಕವಾಯತಿನಲ್ಲಿ, ನನ್ನ ತುಂಬುಗಡ್ಡದ ಅಂಚಿನಿಂದ ಗಾಳಿ ಬುಸುಗುಟ್ಟುತ್ತ ಹೊರಬಂದು ಮಾಪಕದ ಮುಳ್ಳು ನೋಡನೋಡುತ್ತಿದ್ದಂತೆ ಇಳಿಯಿತು. ಅಂದೇ ಸಂಜೆ ಬೋಳಿಸಿಬಿಟ್ಟೆ. ಕಚ್ಚಾ ತೈಲದ ಟ್ಯಾಂಕರುಗಳಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲದ ಭಯವೂ ಇರುವುದರಿಂದ, ಅನೇಕ ಕಡೆ ಗಡ್ಡಕ್ಕೆ ಅವಕಾಶವನ್ನೇ ಕೊಡುವುದಿಲ್ಲ. ನನ್ನದು ಕಲ್ಲಿದ್ದಲು, ಧಾನ್ಯದಂಥ ಸರಕನ್ನು ಸುರಿದು ಸಾಗಿಸುವ ಬಲ್ಕ್ ಕ್ಯಾರಿಯರ್ ಆದ್ದರಿಂದ, ಮಾಸ್ಕಿನ ಅಂಚಿಗೆ ಬಾರದಷ್ಟು ಗಡ್ಡ ಇಟ್ಟುಕೊಳ್ಳಲು ಒಪ್ಪಿದ್ದಾರೆ.

ಈ ಕತೆಯನ್ನು ಬೇರೆ ಅಂಗಡಿಗಳಲ್ಲಿ ಹೇಳಿದಾಗ ತಲೆಯಾಡಿಸಿ, ಗೋಡೆಯ ಮೇಲಿನ ಚಿತ್ರದ ಮಾದರಿಯನ್ನೇ ಮಾಡಿ ಕಳಿಸಿದವರಿದ್ದರು. ಇಲ್ಲಿನ ಹಿರಿಯ ಕ್ಷೌರಿಕರು ಹಾಗೆ ಮಾಡಲಿಲ್ಲ. ಮಾಸ್ಕ್ ಧರಿಸಿದ ನನ್ನ ಫೋಟೋವನ್ನು ಫೋನಿನಲ್ಲಿ ದೊಡ್ಡದು ಮಾಡಿ ನೋಡಿದರು, ಅಂಚು ಕೂರುವ ಜಾಗವನ್ನು ನನ್ನ ಬೆರಳಿನಿಂದಲೇ ತೋರಿಸಲು ಹೇಳಿದರು, ಅಲ್ಲಿ ಬಿಳಿ ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡರು. ಆಮೇಲೆ ಮೀಸೆಯನ್ನೂ ಗದ್ದದ ಮುಂಭಾಗದ ಗಡ್ಡವನ್ನೂ ಮಾತ್ರ ಗೆರೆಯಿಂದ ಒಂದು ಬೆರಳು ಒಳಗೆ, ಮಾಸ್ಕಿನ ಕವಾಟಕ್ಕೆ ತಾಗದಷ್ಟು ಗಿಡ್ಡವಾಗಿ ಉಳಿಸಿ, ಕೆನ್ನೆ, ದವಡೆ, ಗಂಟಲನ್ನು ನುಣ್ಣಗೆ ಮಾಡಿದರು. ಕೂದಲು ಬೆಳೆದ ದಿಕ್ಕಿನಲ್ಲೇ ಕತ್ತಿ ಎಳೆಯುವ ಅವರ ಕ್ರಮದಿಂದಾಗಿ, ಕೂದಲು ಒಳಮುಖವಾಗಿ ಬೆಳೆದು ದವಡೆಯ ಕೆಳಗೆ ಗುಳ್ಳೆಯೇಳುವ ನನ್ನ ಹಳೆಯ ತೊಂದರೆ ಈ ರಜೆಯಲ್ಲಿ ಕಾಣಿಸಿಕೊಳ್ಳಲಿಲ್ಲ. ಹಡಗಿನಲ್ಲಿ ಇದನ್ನು ನಾನೇ ಮುಂದುವರಿಸಬೇಕಲ್ಲವೇ? ನಾಲ್ಕನೆಯ ಭೇಟಿಯಲ್ಲಿ ಅವರು ಟ್ರಿಮ್ಮರನ್ನು ನನ್ನ ಕೈಗೇ ಕೊಟ್ಟು, ಪಕ್ಕದಲ್ಲಿ ನಿಂತು, ತಪ್ಪಿದಲ್ಲೆಲ್ಲ ತಿದ್ದುತ್ತ ಮುಕ್ಕಾಲು ಗಂಟೆ ಕಲಿಸಿದರು. ಅದಕ್ಕೆ ಹಣ ತೆಗೆದುಕೊಳ್ಳಲಿಲ್ಲ.

ಮುಲಾಮಿನಲ್ಲಿರುವುದು ಕೊಬ್ಬರಿ ಎಣ್ಣೆ, ಹರಳೆಣ್ಣೆ ಮತ್ತು ಜೇನುಮೇಣ. 50 ಗ್ರಾಂ ಡಬ್ಬಿಗೆ 220 ರೂಪಾಯಿ. ಕೊಬ್ಬರಿ ಎಣ್ಣೆ ಕರಗುವುದು ಸುಮಾರು 24 ಡಿಗ್ರಿಗೆ. ಸಾವಿರ ಮೀಟರಿಗೂ ಎತ್ತರದಲ್ಲಿರುವ ನಮ್ಮೂರಿನ ಮಾಗಿಯ ಬೆಳಗುಗಳಲ್ಲಿ ಅದರ ಬಾಟಲಿಯನ್ನು ಬಚ್ಚಲೊಲೆಯ ಪಕ್ಕದಲ್ಲಿಡಬೇಕಾಗುತ್ತದೆ. ಅದೇ ಎಣ್ಣೆ ಇಂಜಿನ್ ರೂಮಿನಲ್ಲಿ ಬೆವರಿನೊಡನೆ ಕಾಲರಿಗೆ ಇಳಿಯುತ್ತದೆ. ಜೇನುಮೇಣ ಕರಗಲು 62 ಡಿಗ್ರಿಯಾದರೂ ಬೇಕಾದ್ದರಿಂದ ಈ ಮಿಶ್ರಣ ಪಾಳಿ ಮುಗಿಯುವವರೆಗೂ ಕೂದಲಿಗೆ ಹಿಡಿದು ನಿಂತಿತು, ತುರಿಕೆಯೂ ಕಡಿಮೆಯಾಯಿತು. ಕಡಲೆಕಾಳಿನಷ್ಟು ತೆಗೆದು, ಗಡ್ಡ ಇನ್ನೂ ತೇವವಿರುವಾಗಲೇ ಹಚ್ಚಬೇಕು.

ಆದರೆ ಆರನೆಯ ತಿಂಗಳಿಗೆ ಮುಲಾಮು ಕಮಟು ವಾಸನೆ ಹಿಡಿಯಿತು, ಡಬ್ಬಿಯ ಮೇಲಾದರೋ ತಯಾರಿಸಿದ ದಿನಾಂಕವೂ ಇಲ್ಲ, ಎಷ್ಟು ಕಾಲ ಬಳಸಬಹುದೆಂಬ ಸೂಚನೆಯೂ ಇಲ್ಲ. ತಿಂಗಳುಗಟ್ಟಲೆ ಅಂಗಡಿಯ ಮುಖ ಕಾಣದವರಿಗೆ ಮಾರುವಾಗ ಇದು ಸಣ್ಣ ಲೋಪವಲ್ಲ. ಹಡಗಿನವರು ನೆನಪಿಡಬೇಕಾದ ಇನ್ನೊಂದು ಮಾತಿದೆ: ಒತ್ತಡದಲ್ಲಿರುವ ಆಮ್ಲಜನಕ ತಾಗಿದರೆ ಎಣ್ಣೆ ಕಿಡಿಯಿಲ್ಲದೆಯೂ ಹೊತ್ತಿಕೊಳ್ಳಬಹುದು. ಆಮ್ಲಜನಕದ ಸಿಲಿಂಡರ್ ಬಳಸುವ ಗ್ಯಾಸ್ ವೆಲ್ಡಿಂಗ್ ಇರುವ ದಿನ ಈ ಮುಲಾಮನ್ನು ಹಚ್ಚಲೇಬಾರದು, ಮಿಕ್ಕ ದಿನಗಳಲ್ಲಿ ಹಚ್ಚಿದ ಕೂಡಲೇ ಕೈಯನ್ನು ಸೋಪಿನಿಂದ ತೊಳೆಯಬೇಕು.

ಅಂಗಡಿಯಲ್ಲಿ ನನಗೆ ಬೇಸರ ತಂದದ್ದು ಪಟಿಕ. ಪ್ರತಿ ಗಿರಾಕಿಗೂ ಕಣ್ಣೆದುರೇ ಹೊಸ ಬ್ಲೇಡ್ ಹಾಕುವವರು, ಕ್ಷೌರದ ನಂತರ ಒಂದೇ ಪಟಿಕದ ತುಂಡನ್ನು ಎಲ್ಲರ ಮುಖಕ್ಕೂ ಉಜ್ಜುತ್ತಾರೆ. ಗಾಯದ ರಕ್ತ ಬ್ಲೇಡಿಗೆ ಅಂಟುವಂತೆ ಪಟಿಕಕ್ಕೂ ಅಂಟುತ್ತದೆ. ಹೇಳಿದ ಮೇಲೆ ನನಗೆ ಬೇರೆ ತುಂಡು ಒಡೆದು ಕೊಟ್ಟರು. ಎಲ್ಲರಿಗೂ ಹಾಗೆಯೇ ಕೊಡಲಿ ಎಂದು ಕೇಳಿಕೊಂಡು ಬಂದಿದ್ದೇನೆ.

ಗಡ್ಡ ತಿದ್ದಲು 120 ರೂಪಾಯಿ, ತಲೆಗೂದಲೂ ಸೇರಿದರೆ 250. ಮಂಗಳವಾರ ರಜೆ, ಭಾನುವಾರ ಸಾಲು ಉದ್ದ. ಹಡಗು ಹತ್ತುವವರು ಕೊನೆಯ ದಿನಕ್ಕೆ ಉಳಿಸಿಕೊಳ್ಳದೆ, ಮಾಸ್ಕ್ ಧರಿಸಿದ ಫೋಟೋದೊಡನೆ ಎರಡು ವಾರ ಮೊದಲೇ ಹೋಗುವುದು ಒಳ್ಳೆಯದು. ಬುಧವಾರ ಬೆಳಗ್ಗೆ ಒಂಬತ್ತಕ್ಕೆ ಹೋದರೆ ಆ ಹಿರಿಯ ಕ್ಷೌರಿಕರ ಕುರ್ಚಿಯೇ ಸಿಗುತ್ತದೆ.