ಕಾವೇರಿ ನಲ್ಲಿ ಇರುವ ಮನೆಯೋ, ಟ್ಯಾಂಕರ್ ನಂಬಿದ ಮನೆಯೋ?

ನಮ್ಮ ಬೆಂಗಳೂರು ನಗರ ಜಿಲ್ಲೆಯಲ್ಲಿ 2001ರಲ್ಲಿ 65 ಲಕ್ಷ ಜನ ಇದ್ದರು, 2011ಕ್ಕೆ 96 ಲಕ್ಷ. ಇಷ್ಟು ಜನಕ್ಕೆ ನೀರು ಎಲ್ಲಿಂದ ಬರಬೇಕು? ಮನೆ ಹುಡುಕುವವರು ಮೊದಲು ಕೇಳಬೇಕಾದದ್ದು ಇದನ್ನೇ.

ಊರಿನ ಹಳೇ ಬಡಾವಣೆಗಳಾದ ಬಸವನಗುಡಿ, ಮಲ್ಲೇಶ್ವರದ ಕಡೆ ಬಾಡಿಗೆ ಜಾಸ್ತಿ, ಮನೆ ಚಿಕ್ಕದು. ಆದರೆ ನಲ್ಲಿಯಲ್ಲಿ ಕಾವೇರಿ ಬರುತ್ತದೆ. ಸುಮಾರು 100 ಕಿ.ಮೀ. ದೂರದಿಂದ ಪಂಪ್ ಮಾಡಿ ತಂದ ನೀರದು, ಸುಮ್ನೆ ಚೆಲ್ಲೋಕೆ ಮನಸ್ಸು ಬರಲ್ಲ.

ಊರಿನ ಅಂಚಿನ ವರ್ತೂರು, ಸರ್ಜಾಪುರ ರಸ್ತೆ ಕಡೆ ಅದೇ ದುಡ್ಡಿಗೆ ದೊಡ್ಡ ಮನೆ ಸಿಗುತ್ತದೆ. ನೀರಿಗೆ ಮಾತ್ರ ಎಷ್ಟೋ ಕಡೆ ಬೋರ್‌ವೆಲ್, ಟ್ಯಾಂಕರ್ರೇ ಗತಿ. 2024ರ ಬೇಸಿಗೆಯಲ್ಲಿ ಅಲ್ಲಿರುವ ನಮ್ಮಕ್ಕ ಅಕ್ಕಿ ತೊಳೆದ ನೀರನ್ನೂ ಬಕೆಟ್ಟಿಗೆ ಸುರಿದಿಟ್ಟು ನೆಲ ಒರೆಸುತ್ತಿದ್ದಳು. ಟ್ಯಾಂಕರ್ ಹಾರ್ನ್ ಕೇಳಿದರೆ ಊಟ ಬಿಟ್ಟು ಎದ್ದು ಓಡುತ್ತಿದ್ದಳು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ 5ನೇ ಹಂತ ಶುರುವಾಯಿತು, ನಗರಕ್ಕೆ ಸೇರಿಸಿಕೊಂಡ 110 ಹಳ್ಳಿಗಳಿಗಾಗಿ ದಿನಕ್ಕೆ 77.5 ಕೋಟಿ ಲೀಟರ್ ತರುವ ಯೋಜನೆ. ಪೈಪು ನಿಮ್ಮ ಬೀದಿಗೆ ಬಂದಿದೆಯಾ ಅನ್ನೋದೇ ಮುಖ್ಯ ಅಲ್ವಾ?

ಮನೆಯಲ್ಲಿ ಮಕ್ಕಳು, ವಯಸ್ಸಾದವರು ಇದ್ದರೆ ನಾನು ಚಿಕ್ಕ ಮನೆಯನ್ನೇ ಆರಿಸುತ್ತೇನೆ. ಊರಿನ ಅಂಚಿನಲ್ಲೇ ಬೇಕು ಅಂದರೆ ಅಡ್ವಾನ್ಸ್ ಕೊಡುವ ಮೊದಲು ಸಂಪಿನ ಮುಚ್ಚಳ ತೆಗೆಸಿ ನೋಡಿ. ಏಪ್ರಿಲ್ ತಿಂಗಳ ಟ್ಯಾಂಕರ್ ಬಿಲ್ ಕೇಳಿ.